ಕೆಂಪು ಮಸಿಯ ಸ್ತೋತ್ರ

ಪುಸ್ತಕದ ಪ್ರಕಾರ ನಾನು ಗುಣವಾಗಿ ನಾಲ್ಕು ವರ್ಷವಾಯಿತು. ಮೊದಲು ನನ್ನ ಹೆಸರು ಸುಲೋಚನಾ, ಅದರ ಮುಂದೆ ‘ಕಿಡ್ನಿ ತೊಂದರೆ’, ಅದರ ಮುಂದೆ ಕೆಂಪು ಮಸಿಯಲ್ಲಿ ‘ಸ್ತೋತ್ರ’. ಅಕ್ಷರ ನನ್ನದೇ. ಕೈ ಹಿಡಿದು ಯಾರೂ ಬರೆಸಲಿಲ್ಲ.

ಇದನ್ನು ಬರೆಯುತ್ತಿರುವುದು ಡಯಾಲಿಸಿಸ್ ಕುರ್ಚಿಯಲ್ಲಿ ಕುಳಿತು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನನ್ನ ಜಾಗ ಇದೇ. ಎಡಗೈಯಲ್ಲಿ ಎರಡು ಸೂಜಿ ಇರುತ್ತವೆ, ಅದನ್ನು ಅಲ್ಲಾಡಿಸುವಂತಿಲ್ಲ. ಬಲಗೈಗೆ ನಾಲ್ಕು ತಾಸು ಬೇರೆ ಕೆಲಸವಿಲ್ಲ. ಎಲ್ಲೋ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರಿಗೆ ನೆಂಟರು ‘ನಂಬಿಕೆ ಇಡಿ, ಎಲ್ಲಾ ಸರಿಹೋಗುತ್ತದೆ’ ಎಂದು ಹೇಳುತ್ತಿರಬಹುದು. ಅವರು ತಲೆಯಾಡಿಸುತ್ತಲೂ ಇರಬಹುದು. ಅವರಿಗಾಗಿ ಬರೆಯುತ್ತಿದ್ದೇನೆ.

ಪುಸ್ತಕದ ವಿಷಯ ಮೊದಲು ಹೇಳಿಬಿಡುತ್ತೇನೆ. ಅಹಮದಾಬಾದಿನಲ್ಲಿ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ, ಕನ್ನಡ ಕ್ರೈಸ್ತರು ಮಾತ್ರ ಹುಡುಕಿದರೆ ಸಿಗುವಷ್ಟು. ನಮ್ಮದು ಏಳು ಮನೆಗಳ ಕೂಟ. ಗದಗ, ಹುಬ್ಬಳ್ಳಿ, ಧಾರವಾಡ, ಬೀದರ ಕಡೆಯಿಂದ ಬ್ಯಾಂಕು, ರೈಲ್ವೆ, ವಿಮೆ ಎಂದು ವರ್ಗವಾಗಿ ಬಂದು, ವಾಪಸು ಹೋಗುವುದನ್ನು ಮರೆತವರು ನಾವು. ಭಾನುವಾರ ಬೆಳಿಗ್ಗೆ ಗುಜರಾತಿ ಇಲ್ಲವೇ ಇಂಗ್ಲಿಷ್ ಆರಾಧನೆಗೆ ಹೋಗುತ್ತೇವೆ. ತಿಂಗಳ ಎರಡನೇ ಭಾನುವಾರ ಸಂಜೆ ನಾಲ್ಕಕ್ಕೆ ಯಾರದಾದರೂ ಮನೆಯಲ್ಲಿ ಸೇರಿ ಕನ್ನಡದಲ್ಲಿ ಪ್ರಾರ್ಥಿಸುತ್ತೇವೆ. ಮಕ್ಕಳು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡ ಕೀರ್ತನೆ ಹಾಡುತ್ತಾರೆ. ಳಕಾರ, ಣಕಾರ ಎಲ್ಲ ಹಾರಿಹೋಗಿರುತ್ತವೆ. ದೇವರು ಹೊಂದಿಸಿಕೊಳ್ಳುತ್ತಾನೆ ಎಂದು ನಾವೂ ಸುಮ್ಮನಿರುತ್ತೇವೆ.

ಆ ಕೂಟದಲ್ಲಿ ಒಂದು ಪ್ರಾರ್ಥನಾ ಪುಸ್ತಕವಿದೆ. ಉದ್ದನೆಯ ರಿಜಿಸ್ಟರು, ಮೂರು ಅಂಕಣ: ಹೆಸರು, ಕೋರಿಕೆ, ಉತ್ತರ. ಅದನ್ನು ನೋಡಿಕೊಳ್ಳುವ ಕೆಲಸ ಹದಿನೈದು ವರ್ಷದಿಂದ ನನ್ನದು, ಏಕೆಂದರೆ ನಾನು ವಿಮಾ ಕಚೇರಿಯ ಕ್ಲೇಮ್ ವಿಭಾಗದವಳು, ಕಡತ ತೆರೆಯುವುದೂ ಮುಗಿಸುವುದೂ ಕೈಗೆ ರೂಢಿ. ಯಾರ ಕೋರಿಕೆಗೆ ಉತ್ತರ ಸಿಕ್ಕಿತೋ ಅವರು ಎದ್ದು ನಿಂತು ಸಾಕ್ಷಿ ಹೇಳುತ್ತಾರೆ. ನಾನು ಮೂರನೇ ಅಂಕಣದಲ್ಲಿ ಕೆಂಪು ಮಸಿಯಲ್ಲಿ ‘ಸ್ತೋತ್ರ’, ಅಂದರೆ ದೇವರಿಗೆ ವಂದನೆ, ಎಂದು ಬರೆಯುತ್ತೇನೆ. ಆ ಮನೆಯವರು ಅಂದು ಎಲ್ಲರಿಗೂ ಶಿರಾ ಮಾಡಿ ಹಾಕುತ್ತಾರೆ. ಮುಂದಿನ ತಿಂಗಳಿಂದ ಆ ಹೆಸರನ್ನು ಓದುವುದಿಲ್ಲ. ಕಚೇರಿಯಲ್ಲಿ ಮುಗಿದ ಕಡತವನ್ನು ಕಪಾಟಿನ ಮೇಲಿನ ಹಲಗೆಗೆ ಹಾಕುತ್ತಿದ್ದೆವು, ಇಲ್ಲೂ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತಿತ್ತು.

ಕಾಯಿಲೆ ಕಾಲಿನಿಂದ ಶುರುವಾಯಿತು. ಸಂಜೆಗೆ ಪಾದ ಊದಿಕೊಳ್ಳುತ್ತಿತ್ತು. ಐವತ್ತು ದಾಟಿದ ಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡೆ. ಬಿಪಿಗೆ ವರ್ಷಗಟ್ಟಲೆ ಅರ್ಧ ಮನಸ್ಸಿನಿಂದ ಗುಳಿಗೆ ನುಂಗಿದ್ದೆ, ಮಂಡಿನೋವಿಗೆ ಮಾತ್ರ ಪೂರ್ಣ ಮನಸ್ಸಿನಿಂದ. ಕೊನೆಗೆ ನವರಂಗಪುರದ ಒಬ್ಬ ಕಿಡ್ನಿ ಡಾಕ್ಟರ ಹತ್ತಿರ ಬಂದು ಮುಟ್ಟಿದೆ. ಅವರ ಕೋಣೆಯ ಹೊರಗೆ ಜನ ನಿಂತಿದ್ದರು, ನೀರಿನ ಕೂಲರಿನ ಪಕ್ಕದ ಮೂರು ಕುರ್ಚಿ ಮಾತ್ರ ಖಾಲಿ ಇದ್ದವು. ನಾನು ಪುಣ್ಯ ಎಂದುಕೊಂಡು ಹೋಗಿ ಕುಳಿತೆ. ಎದುರಿಗಿದ್ದ ಮುದುಕರೊಬ್ಬರು ನನ್ನನ್ನು ಕನಿಕರದಿಂದ ನೋಡಿದರು. ದಿನಕ್ಕೆ ಮುಕ್ಕಾಲು ಲೀಟರ್ ನೀರು ಮಾತ್ರ ಕುಡಿಯಬೇಕಾದವರು ಕೂಲರಿನ ಹತ್ತಿರ ಕೂರುವುದಿಲ್ಲ ಎಂಬುದು ನನಗೆ ಮರುವರ್ಷ ತಿಳಿಯಿತು.

ಡಾಕ್ಟರು ಕಾಗದ ನೋಡಿ, ಹಿಂದಿಯಲ್ಲಿ, “ಬೆನ್, ಎರಡೂ ಕಿಡ್ನಿ ಸೇರಿ ಕಾಲುಭಾಗದ ಕೆಲಸವನ್ನೂ ಮಾಡುತ್ತಿಲ್ಲ” ಎಂದರು. ಇಲ್ಲಿ ಎಲ್ಲ ಹೆಂಗಸರೂ ಬೆನ್, ಅಂದರೆ ಅಕ್ಕ. ಅಕ್ಕ ಎಂದು ಕರೆದು ಹೇಳಿದ್ದರಿಂದ ಮಾತು ಏನೂ ಮೆತ್ತಗಾಗಲಿಲ್ಲ. ನನ್ನ ಪಕ್ಕದಲ್ಲಿ ನಮ್ಮವರು ಕುಳಿತಿದ್ದರು. ನಮ್ಮವರು ಎಂದರೆ ನನ್ನ ಗಂಡ ಪ್ರಭಾಕರ. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರ ವರ್ಕ್‌ಶಾಪಿನಲ್ಲಿ ಅವರದು ಅಳತೆಯ ಕೆಲಸ. ಲೋಹದ ತುಂಡಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ವಾಪಸು ಕಳಿಸುವ ಮನುಷ್ಯ. ಅಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಾರು ಸ್ಯಾಟಲೈಟ್ ಬಡಾವಣೆಯ ನಮ್ಮ ಸೊಸೈಟಿಗೆ ಬಂತು. ಗೇಟಿನಲ್ಲಿ ಹೇಳಿದರು, “ಎರಡನೇ ಭಾನುವಾರ ಎಲ್ಲಾರಿಗೂ ಹೇಳೂಣು. ಪ್ರಾರ್ಥನಾ ಮಾಡ್ಲಿ. ನೀ ಹೆದರಬ್ಯಾಡ.” ಹೆದರಿದ್ದವರು ಅವರು. ಗೇಟು ತೆರೆದ ಮೇಲೂ ಕಾರನ್ನು ಮುಂದೆ ಬಿಡಲಿಲ್ಲ.

ಆ ಭಾನುವಾರ ನನ್ನ ಹೆಸರನ್ನು ನಾನೇ ಪುಸ್ತಕದಲ್ಲಿ ಬರೆದೆ. ಏಳು ಮನೆಯವರೂ ನಿಜವಾಗಿ ಪ್ರಾರ್ಥಿಸಿದರು, ಅದರಲ್ಲಿ ಅನುಮಾನವಿಲ್ಲ. ದೀನಾ ಎಂಬ ಚಿಕ್ಕ ವಯಸ್ಸಿನವಳು, ಬೋಡಕ್‌ದೇವ್‌ನಲ್ಲಿದ್ದಾಳೆ, ಬ್ಯಾಂಕಿನಲ್ಲಿ ಕೆಲಸ, ಅವಳು ಅಳುತ್ತಾ ಪ್ರಾರ್ಥಿಸಿದಳು. ನಮ್ಮವರು ಶುಕ್ರವಾರ ಉಪವಾಸ ಹಿಡಿದರು. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಐದರ ಮೇಲಿದ್ದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಕೆಟ್ಟಷ್ಟೂ ಏರುವ ಅಂಕಿ, ನಾಲ್ಕೂವರೆಗೆ ಇಳಿದಿತ್ತು. ಡಾಕ್ಟರು ಅದನ್ನು ನೋಡಿ ಮುಖ ಅರಳಿಸಲಿಲ್ಲ. “ಇದು ಏರುತ್ತೆ, ಇಳಿಯುತ್ತೆ, ಇದರಿಂದ ಏನೂ ತಿಳಿಯುವುದಿಲ್ಲ. ಒಂದು ತಿಂಗಳು ಬಿಟ್ಟು ಬನ್ನಿ, ಕೈಯಲ್ಲಿ ಫಿಸ್ಟುಲಾ ಮಾಡಿಸುವ ಬಗ್ಗೆ ಮಾತಾಡೋಣ” ಎಂದರು. ಫಿಸ್ಟುಲಾ ಎಂದರೆ ಮುಂದೆ ಡಯಾಲಿಸಿಸ್‌ಗೆ ಬೇಕಾದೀತು ಎಂದು ಕೈಯ ರಕ್ತನಾಳಗಳನ್ನು ಮೊದಲೇ ಜೋಡಿಸಿ ಇಡುವುದು. ಅದು ನಮ್ಮವರ ಕಿವಿಗೆ ಬಿತ್ತೋ ಇಲ್ಲವೋ, ನನ್ನ ಕಿವಿಗೆ ಬಿತ್ತು.

ಮುಂದಿನ ಕೂಟ ದೀನಾಳ ಮನೆಯಲ್ಲಿತ್ತು. ನಮ್ಮವರು ಎದ್ದು ನಿಂತರು. ಕೂದಲೆಳೆಯ ವ್ಯತ್ಯಾಸಕ್ಕೆ ತುಂಡನ್ನು ವಾಪಸು ಕಳಿಸುವವರು, ಒಂದು ಅಂಕಿ ಒಂದಿಷ್ಟು ಇಳಿದದ್ದಕ್ಕೆ ಸಾಕ್ಷಿ ಹೇಳಿದರು. ಕಣ್ಣಲ್ಲಿ ನೀರು ಬಂತು. “ಇಳಿಯಾಕ ಶುರು ಆಗೇದ ಅಂದ್ರ ಆತನ ಕೈ ಬಿದ್ದದ ಅಂತನ ಅರ್ಥ. ಉಳದದ್ದಕ್ಕ ನಾವು ಈಗನ ಸ್ತೋತ್ರ ಹೇಳಬೇಕು,” ಎಂದು ನನ್ನ ಕಡೆ ನೋಡಿ, “ಬರಿ” ಎಂದರು. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಅಡುಗೆಮನೆಯಿಂದ ಶಿರಾದ ತುಪ್ಪದ ವಾಸನೆ ಬರುತ್ತಿತ್ತು, ಅವರು ದೀನಾಳಿಗೆ ಮೊದಲೇ ಹೇಳಿ ಮಾಡಿಸಿದ್ದರು. ನಾನು ಕೆಂಪು ಪೆನ್ನು ತೆಗೆದು ಬರೆದೆ. ಡಾಕ್ಟರು ಹೇಳಿದ್ದು ತಲೆಯಲ್ಲಿತ್ತು, ಆದರೂ ಬರೆದೆ. ಅವರ ಮುಖ ಮೂರು ತಿಂಗಳಲ್ಲಿ ಮೊದಲ ಸಲ ತಿಳಿಯಾಗಿತ್ತು, ಅದನ್ನು ಕೆಡಿಸಲು ನನ್ನಿಂದ ಆಗಲಿಲ್ಲ.

ಅಂದಿನಿಂದ ನಾನು ಆರಾಮಾದೆ. ನಮ್ಮ ಕಡೆ ಎದುರಿಗೆ ಸಿಕ್ಕವರು ಕೇಳುವುದೇ “ಆರಾಮ?” ಎಂದು, ಉತ್ತರ “ಆರಾಮ್ ರೀ”. ಮೊದಲು ಅದು ಬಾಯಿಗೆ ತಾನಾಗಿ ಬರುತ್ತಿತ್ತು, ಈಗ ಎಣಿಸಿ ಹೇಳುವಂತಾಯಿತು. ಒಂದು ತಿಂಗಳು ಬಿಟ್ಟು ಡಾಕ್ಟರ ಹತ್ತಿರ ಹೋಗುವ ಮಾತೆತ್ತಿದಾಗ ನಮ್ಮವರು, “ಸ್ತೋತ್ರ ಹೇಳಿದ ಮ್ಯಾಲ ಮತ್ತ ಟೆಸ್ಟ್ ಯಾಕ? ಕೊಟ್ಟಾವನ್ನ ಪರೀಕ್ಷಾ ಮಾಡಿಧಂಗ ಆಗ್ತದ” ಎಂದರು. ಅವರ ಮೇಲೆ ಎಲ್ಲ ಹೊರಿಸುವುದು ಸುಲಭ. ನಿಜ ಹೇಳಬೇಕೆಂದರೆ, ಹಾಗೆ ಅಂದದ್ದು ನನಗೂ ಬೇಕಾಗಿತ್ತು.

ಆದರೂ ಕಚೇರಿಯ ಊಟದ ಬಿಡುವಿನಲ್ಲಿ ಒಬ್ಬಳೇ ಹೋಗಿ ಮೂರು ಸಲ ರಕ್ತ ಕೊಟ್ಟು ಬಂದೆ. ಐದೂವರೆ, ಆರೂಮುಕ್ಕಾಲು, ಎಂಟು. ಲಕೋಟೆಗಳನ್ನು ಕೈಚೀಲದ ಒಳಜೇಬಿನಲ್ಲಿಟ್ಟು ಝಿಪ್ ಎಳೆದೆ. ಚಪ್ಪಲಿ ಒಂದು ಅಳತೆ ದೊಡ್ಡದು ಕೊಂಡೆ, ಆಮೇಲೆ ಇನ್ನೊಂದು ಅಳತೆ. ಸೀರೆ ಕೆಳಗಿಳಿಸಿ ಉಡತೊಡಗಿದೆ. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳೆಸಿದರೆ ಬಾತ್‌ರೂಮಿನ ನಲ್ಲಿ ಬಿಟ್ಟು ವಾಂತಿ ಮಾಡಿ ಬಂದು ಚಪಾತಿ ಬೇಯಿಸಿದೆ. ಮೈಯೆಲ್ಲ ತುರಿಕೆ. ಕೂಟದಲ್ಲಿ ಯಾರೂ ನನ್ನ ಹೆಸರು ಓದುತ್ತಿರಲಿಲ್ಲ. ಓದಬೇಕಾದವಳು ನಾನೇ, ಪುಸ್ತಕ ನನ್ನ ಮಡಿಲಲ್ಲೇ ಇರುತ್ತಿತ್ತು. ಮತ್ತೊಬ್ಬರ ಸೊಂಟನೋವನ್ನು ಓದಿ, ಮತ್ತೊಬ್ಬರ ಮಗನ ಪರೀಕ್ಷೆಯನ್ನು ಓದಿ ಪುಸ್ತಕ ಮುಚ್ಚುತ್ತಿದ್ದೆ. ಹೀಗೆ ಏಳು ತಿಂಗಳು ಕಳೆದವು.

ಮಗಳು ಕೃಪಾ ಆಗ ವಡೋದರದಲ್ಲಿ ಓದುತ್ತಿದ್ದಳು, ಹಾಸ್ಟೆಲಿನಲ್ಲಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡವನ್ನು ನೆಂಟರ ಮನೆಯ ಸಾಮಾನು ಮುಟ್ಟುವ ಹಾಗೆ ಸಂಕೋಚದಿಂದ ಮುಟ್ಟುತ್ತಾಳೆ. ಒಂದು ಶನಿವಾರ ಬೆಳಿಗ್ಗೆ ಬಂದಳು. ನಾನು ಸೋಫಾದ ಮೇಲೆ ಕುಳಿತೇ ನಿದ್ದೆ ಮಾಡುತ್ತಿದ್ದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಅದಕ್ಕೆ ನಾಲ್ಕು ದಿನದಿಂದ ಬೆನ್ನುನೋವಿನ ನೆಪ ಹೇಳಿ ಅಲ್ಲೇ ಕೂರುತ್ತಿದ್ದೆ. ಅವಳು ನೆಲದ ಮೇಲೆ ಕುಳಿತು ನನ್ನ ಸೀರೆಯ ಅಂಚು ಎತ್ತಿ, ಕಾಲಿನ ಮೇಲೆ ಹೆಬ್ಬೆರಳು ಒತ್ತಿದಳು. ಗುಳಿ ಬಿದ್ದು ಹಾಗೇ ಉಳಿಯಿತು.

“ಅಮ್ಮಾ, ಇದು ಕಬ್ ಸೇ?” ಎಂದಳು, ಯಾವಾಗಿನಿಂದ ಎಂದು. ನಾನು ಆರಾಮ್ ಅದೀನಿ ಎಂದೆ. “ನೋ. ಯು ಆರ್ ನಾಟ್ ಆರಾಮ್,” ಎಂದು ಎದ್ದು ಅಪ್ಪನನ್ನು ಕರೆದಳು. ಸುಳ್ಳನ್ನು ಸುಳ್ಳು ಎಂದು ಹೇಳಲು ಅವಳ ಅರ್ಧಂಬರ್ಧ ಭಾಷೆಯೇ ಸಾಕಾಯಿತು.

ಆಸ್ಪತ್ರೆಯಲ್ಲಿ ಕತ್ತಿನ ಪಕ್ಕ ಕೊಳವೆ ಹಾಕಿ ಅಂದೇ ಡಯಾಲಿಸಿಸ್ ಮಾಡಿದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತಂತೆ. ನನಗೆ ಅದೆಲ್ಲ ಅಷ್ಟಾಗಿ ನೆನಪಿಲ್ಲ, ಮೂಗಿನ ಮೇಲಿನ ಪ್ಲಾಸ್ಟಿಕ್ ವಾಸನೆ ನೆನಪಿದೆ. ಮರುದಿನ ಕಣ್ಣು ತೆರೆದಾಗ ನಮ್ಮವರು ಹಾಸಿಗೆಯ ಪಕ್ಕ ಕುಳಿತಿದ್ದರು. ಆಸ್ಪತ್ರೆಯವರು ಆಧಾರ್ ಕಾರ್ಡ್ ಕೇಳಿದ್ದರಿಂದ ನನ್ನ ಕೈಚೀಲ ತೆರೆದಿದ್ದರು. ಮೂರು ಲಕೋಟೆಗಳು ಅವರ ತೊಡೆಯ ಮೇಲೆ ತಾರೀಖಿನ ಪ್ರಕಾರ ಒಂದರ ಪಕ್ಕ ಒಂದು ಇದ್ದವು.

“ನನಗ ಯಾಕ ಹೇಳಲಿಲ್ಲ?” ಎಂದರು.

“ನಿಮ್ಮ ನಂಬಿಕಿ ಮುರೀಬಾರದು ಅಂತ.”

ಅವರು ಲಕೋಟೆಗಳನ್ನು ಮತ್ತೆ ಜೋಡಿಸಿದರು. “ನಿನಗಿಂತ ನನಗ ಅದು ದೊಡ್ಡದು ಅಂತ ಅನಕೊಂಡ್ಯಾ?” ಎಂದು ಕೇಳಿದರು. ಹೌದು ಎಂದೇ ಅಂದುಕೊಂಡಿದ್ದೆ.

ಡಾಕ್ಟರು ಬೈಯಲಿಲ್ಲ. ಮೊದಲೇ ಬಂದಿದ್ದರೆ ಕತ್ತಿಗೆ ಕೊಳವೆ ಹಾಕುವ ಪ್ರಮೇಯ ಬರುತ್ತಿರಲಿಲ್ಲ, ಕಿಡ್ನಿ ಇನ್ನಷ್ಟು ತಿಂಗಳು ನಡೆಯುತ್ತಿತ್ತೋ ಏನೋ, ಖಚಿತವಾಗಿ ಹೇಳಲಾಗದು ಎಂದರು. ಆ ‘ಏನೋ’ ಇವತ್ತಿಗೂ ನನ್ನ ಜೊತೆ ಈ ಕುರ್ಚಿಯಲ್ಲಿ ಕುಳಿತಿದೆ.

ಮೂರು ವಾರ ಆಸ್ಪತ್ರೆಯಲ್ಲಿದ್ದೆ. ಕೂಟದವರೆಲ್ಲ ಬಂದು ಹೋದರು. ನಮ್ಮ ಕೂಟದ ಹಿರಿಯರೊಬ್ಬರು ಹಾಸಿಗೆಯ ತುದಿಯಲ್ಲಿ ನಿಂತು ಬಹಳ ಮೃದುವಾಗಿ, “ಎಲ್ಲೋ ನಂಬಿಕಿ ಕಡಿಮಿ ಬಿತ್ತು ಅನಸ್ತದ. ನೋಡ್ಕೋರಿ” ಎಂದರು. ಒಳ್ಳೆಯ ಮನುಷ್ಯ, ನನಗಾಗಿ ಮನೆಯಿಂದ ಗಂಜಿ ತಂದಿದ್ದರು. ನಮ್ಮವರು ಅವರನ್ನು ಲಿಫ್ಟಿನವರೆಗೆ ಕಳಿಸಿ ಬಂದರು. ಬಂದವರು ಕಿಟಕಿಯ ಹತ್ತಿರ ನಿಂತರು. ಅವತ್ತಿನಿಂದ ಅವರ ಬಾಯಲ್ಲಿ ಪ್ರಾರ್ಥನೆ ನಿಂತುಹೋಯಿತು.

ಮನೆಗೆ ಬಂದ ಮೇಲೂ ಹಾಗೇ ಮುಂದುವರಿಯಿತು. ಊಟಕ್ಕೆ ಮುಂಚೆ ತಲೆ ಬಗ್ಗಿಸುವುದಿಲ್ಲ, ಸಂಜೆ ಬೈಬಲ್ ವಾಕ್ಯ ಓದುವುದಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಸ್ಟೀಲಿನ ತಂಬಿಗೆಯಲ್ಲಿ ನನ್ನ ದಿನದ ನೀರು ಅಳೆದು ಇಡುತ್ತಿದ್ದರು. ವರ್ಕ್‌ಶಾಪಿನ ಅಭ್ಯಾಸ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡುತ್ತಿದ್ದರು. ಕಿಡ್ನಿಗೆ ಆಗದ ಪೊಟ್ಯಾಶಿಯಂ ಹೋಗಲಿ ಎಂದು ಬಟಾಟೆಯನ್ನು ಹೆಚ್ಚಿ, ಕುದಿಸಿ, ಆ ನೀರು ಚೆಲ್ಲಿ, ಮತ್ತೆ ಕುದಿಸುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದು ಚಪಾತಿ ಲಟ್ಟಿಸದವರು ಉಪ್ಪಿಲ್ಲದ ಚಪಾತಿಗೆ ಜೀರಿಗೆ ಹಾಕಿ ರುಚಿ ಬರಿಸುವುದನ್ನು ಮೊಬೈಲ್ ನೋಡಿ ಕಲಿತರು. ತಮ್ಮ ಕಿಡ್ನಿ ಕೊಡಲು ಹೋಗಿ, ಸಕ್ಕರೆ ಕಾಯಿಲೆಯವರದು ಬೇಡ ಎಂದು ವಾಪಸು ಕಳಿಸಿಕೊಂಡು ಬಂದರು. ಅಂದು ಬಟಾಟೆಯನ್ನು ಮೂರು ಸಲ ಕುದಿಸಿದರು, ಅದು ಹಿಟ್ಟಾಗಿ ಹೋಯಿತು.

ನಂಬಿಕೆ, ನಿರೀಕ್ಷೆ, ಪ್ರೀತಿ. ಸಂಡೆ ಸ್ಕೂಲಿನಲ್ಲಿ ಮೂರು ಬೆರಳು ಮಡಚಿ ಕಲಿತದ್ದು. ಮೂರೂ ಒಂದೇ ಮನೆಯ ಮಕ್ಕಳು, ಜೊತೆಯಲ್ಲೇ ಇರುತ್ತಾರೆ ಎಂದು ಟೀಚರಮ್ಮ ಹೇಳಿದ್ದರು. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಅವರ ನಂಬಿಕೆಗಾಗಿ ನಾನು ಸುಳ್ಳು ಹೇಳಿದೆ, ಅದಕ್ಕೆ ಪ್ರೀತಿ ಎಂದು ಹೆಸರಿಟ್ಟೆ. ಅವರು ನನ್ನ ಮೇಲಿನ ಪ್ರೀತಿಗಾಗಿ ಕಣ್ಣು ಮುಚ್ಚಿದರು, ಅದಕ್ಕೆ ನಂಬಿಕೆ ಎಂದು ಹೆಸರಿಟ್ಟರು. ಎರಡರ ಒಳಗೂ ಇದ್ದದ್ದು ಹೆದರಿಕೆ. ಇದು ನನಗೆ ಕಾಯಿಲೆಯಿಂದ ತಿಳಿಯಲಿಲ್ಲ, ಪುಸ್ತಕದಿಂದ ತಿಳಿಯಿತು.

ಆ ದಿನಗಳಲ್ಲಿ ಪುಸ್ತಕ ನಮ್ಮ ಮನೆಯಲ್ಲೇ ಇತ್ತು. ಒಂದು ಮಧ್ಯಾಹ್ನ ತೆರೆದು ನನ್ನ ಸಾಲು ನೋಡಿದೆ. ಆಮೇಲೆ ಸುಮ್ಮನೆ ಹಿಂದಿನ ಹಾಳೆಗಳನ್ನು ತಿರುವಿದೆ. ಎರಡು ವರ್ಷ ಹಿಂದಿನ ಹಾಳೆಯಲ್ಲಿ ‘ಎಸ್ತೇರಕ್ಕ, ಹೊಟ್ಟೆಯ ಗಡ್ಡೆ’ ಎಂದಿತ್ತು, ಮುಂದೆ ಕೆಂಪು ಮಸಿಯಲ್ಲಿ ‘ಸ್ತೋತ್ರ’. ಅದೂ ನನ್ನದೇ ಅಕ್ಷರ. ಆಪರೇಷನ್ ಆಗಿ, ಪೂರ್ತಿ ತೆಗೆದಿದ್ದಾರೆ ಎಂದು ಡಾಕ್ಟರು ಹೇಳಿದ್ದಾರೆಂದು ಕೂಟದಲ್ಲಿ ಎಲ್ಲರೂ ಹಿಗ್ಗಿದ್ದೆವು. ಶಿರಾ ತಿಂದಿದ್ದೆವು. ಆಮೇಲೆ ಅವರು ಐದು ತಿಂಗಳು ಕೂಟಕ್ಕೆ ಬಂದರು. ಅಹಮದಾಬಾದಿನ ಮೇ ತಿಂಗಳಲ್ಲಿ ಮೈತುಂಬ ಶಾಲು ಹೊದ್ದು ಮೂಲೆಯಲ್ಲಿ ಕೂರುತ್ತಿದ್ದರು. “ಅಕ್ಕಾರ, ತೆಳ್ಳಗಾದದ್ದು ನಿಮಗ ಛಲೋ ಒಪ್ಪೇದ” ಎಂದು ನಾನೇ ಹೇಳಿದ್ದೆ. ಅವರು ನಕ್ಕು, “ಆರಾಮ್ ಅದೀನವಾ” ಎಂದಿದ್ದರು. ಆರನೆಯ ತಿಂಗಳು ತೀರಿಕೊಂಡರು. ಸಮಾಧಿಯ ದಿನ ನಾನು ಅತ್ತೆ, ಹಾಡಿದೆ, ಮನೆಗೆ ಬಂದೆ. ಪುಸ್ತಕದಲ್ಲಿ ಏನನ್ನೂ ತಿದ್ದಲಿಲ್ಲ. ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿ ನಮ್ಮ ಸಭೆಯಲ್ಲಿಲ್ಲ, ಹಾಗಾಗಿ ಪುಸ್ತಕದಲ್ಲಿ ಅವರಿಗೆ ಜಾಗವೂ ಇರಲಿಲ್ಲ.

ಅವರ ಗಂಡ ಸಮುವೇಲಣ್ಣ ರೈಲ್ವೆಯಿಂದ ನಿವೃತ್ತರಾದವರು, ಸಾಬರಮತಿ ಕಡೆ ಒಬ್ಬರೇ ಇದ್ದರು. ಅಕ್ಕ ಹೋದ ಮೇಲೆ ಕೂಟಕ್ಕೆ ಬಂದಿರಲಿಲ್ಲ. ದುಃಖ, ಕಾಲ ಹೋದಂತೆ ಬರುತ್ತಾರೆ ಎಂದು ನಾವೂ ಬಿಟ್ಟಿದ್ದೆವು. ಡಯಾಲಿಸಿಸ್ ಇಲ್ಲದ ಒಂದು ಬುಧವಾರ ನಮ್ಮವರಿಗೆ, “ಸಮುವೇಲಣ್ಣಾರ ಮನಿಗೆ ಕರಕೊಂಡ ಹೋಗ್ರಿ” ಎಂದೆ. ಅವರು ಕಾರಿನ ಕೀಲಿ ತೆಗೆದುಕೊಂಡರು. ಪುಸ್ತಕ ಚೀಲದಲ್ಲಿಟ್ಟುಕೊಂಡೆ.

ಸಮುವೇಲಣ್ಣ ಬಾಗಿಲು ತೆರೆದು ನನ್ನ ಕತ್ತಿನ ಕೊಳವೆ ನೋಡಿದರು. “ಕುಂದರವಾ” ಎಂದರು. ಚಹಾ ಇಡಲು ಹೋದವರು ಅಡುಗೆಮನೆಯಿಂದಲೇ, “ನಿನಗ ಎಷ್ಟ ಕುಡ್ಯಾಕ ಬಿಟ್ಟಾರ?” ಎಂದು ಕೇಳಿದರು. ಇಷ್ಟು ದಿನ ನನ್ನನ್ನು ನೋಡಲು ಬಂದ ಒಬ್ಬರೂ ಇದನ್ನು ಕೇಳಿರಲಿಲ್ಲ. ಅರ್ಧ ಕಪ್ಪು ಎಂದೆ. ಅರ್ಧ ಕಪ್ಪನ್ನೇ ತಂದರು, ದೊಡ್ಡ ಲೋಟದಲ್ಲಿ ಹಾಕಿ ಆಸೆ ಹುಟ್ಟಿಸದೆ, ಸಣ್ಣ ಕಪ್ಪಿನಲ್ಲಿ.

ನಾನು ಪುಸ್ತಕ ತೆರೆದು ಆ ಸಾಲು ತೋರಿಸಿದೆ. “ಇದು ನಾ ಬರದದ್ದು ಅಣ್ಣಾರ. ಅಕ್ಕಾರಿಗೆ ಆಮ್ಯಾಲ ಆರಾಮ ಇತ್ತೇನು?”

ಅವರು ಕನ್ನಡಕ ಹಾಕಿಕೊಂಡು ಓದಿದರು. ಬಹಳ ಹೊತ್ತು ಓದಿದರು, ಇದ್ದದ್ದು ನಾಲ್ಕು ಶಬ್ದ. “ಎಲ್ಲಿ ಆರಾಮ ತಂಗೀ. ಎರಡನೇ ತಿಂಗಳಕ್ಕನ ತಿರುಗಿ ಬಂತು,” ಎಂದರು. “ಹೇಳೂಣು ಅಂದೆ ನಾನು. ಬ್ಯಾಡ ಅಂದ್ಲು. ಎಲ್ಲಾರೂ ಅಷ್ಟ ಸಂತೋಷ ಪಟ್ಟಾರ, ಅವರ ಶಿರಾ ಕಹಿ ಮಾಡೂದು ಬ್ಯಾಡ ಅಂದ್ಲು. ಒಂದ ಮಾತ ಹೇಳ್ತಿದ್ಲು. ಪುಸ್ತಕದಾಗ ನಾ ಆರಾಮ್ ಆಗೇನಿ, ಮನ್ಯಾಗ ಅಷ್ಟ ನನಗ ಜಡ್ಡು ಅಂತ.”

ನನಗೆ ಅಳು ಬರಲಿಲ್ಲ. ಬಾಯಿ ಒಣಗಿತು, ಆ ಅರ್ಧ ಕಪ್ಪು ಮುಗಿದಿತ್ತು. ತಪ್ಪಾಯಿತು ಎಂದೆ. ಅವರು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.

ಹೊರಡುವಾಗ ನಮ್ಮವರು ಮೊದಲ ಸಲ ಮಾತಾಡಿದರು. “ಅಣ್ಣಾರ, ನೀವು ಈಗ ಪ್ರಾರ್ಥನಾ ಮಾಡ್ತೀರೇನು?”

“ಮಾತ ಬರೂದಿಲ್ಲಪಾ,” ಎಂದರು ಸಮುವೇಲಣ್ಣ. “ದಿನಾ ಮುಂಜಾನೆ ಆಕಿ ಕುರ್ಚಿ ಎದುರು ಕುಂದರ್ತೀನಿ. ಇವತ್ತ ಹಿಂಗದ ಅಂತ ಆತಗ ಹೇಳ್ತೀನಿ. ಆಕೀನ ಮತ್ತ ನೋಡ್ತೀನಿ ಅನ್ನೂದು ಒಂದ ಉಳದದ. ಅದನ್ನ ಹಿಡಕೊಂಡ ಕುಂತೀನಿ.”

ಕಾರಿನಲ್ಲಿ ನಮ್ಮವರು ಅತ್ತರು. ಸಾಬರಮತಿಯಿಂದ ಸ್ಯಾಟಲೈಟ್‌ನವರೆಗೆ, ಸಿಗ್ನಲ್ ಬಿದ್ದಾಗ ನಿಲ್ಲಿಸಿ, ಹಸಿರು ಬಂದಾಗ ಮುಂದೆ ಹೋಗಿ, ಅಳುತ್ತಲೇ ಓಡಿಸಿದರು.

ಮುಂದಿನ ಎರಡನೇ ಭಾನುವಾರದ ಕೂಟ ನಮ್ಮ ಮನೆಯಲ್ಲೇ ಇರಲಿ ಎಂದು ಹೇಳಿಕಳಿಸಿದೆ. ಶಿರಾ ಮಾಡಲಿಲ್ಲ. ಕೋರಿಕೆಗಳನ್ನೆಲ್ಲ ಓದಿ ಮುಗಿಸಿದ ಮೇಲೆ ನಾನು ಕುಳಿತಲ್ಲಿಂದಲೇ ಹೇಳಿದೆ. ನನಗೆ ಗುಣವಾಗಿರಲಿಲ್ಲ, ಗೊತ್ತಿದ್ದೂ ಕೆಂಪು ಮಸಿಯಲ್ಲಿ ಬರೆದೆ, ಏಳು ತಿಂಗಳು ನಿಮಗೆಲ್ಲ ಆರಾಮ್ ಎಂದು ಸುಳ್ಳು ಹೇಳಿದೆ ಎಂದೆ. ಎಸ್ತೇರಕ್ಕ ಹೇಳುತ್ತಿದ್ದ ಮಾತನ್ನೂ ಹೇಳಿದೆ. ಆಮೇಲೆ ನೀಲಿ ಪೆನ್ನಿನಲ್ಲಿ ಕೊನೆಯ ಸಾಲಿನ ಕೆಳಗೆ ಮತ್ತೆ ಬರೆದೆ: ಸುಲೋಚನಾ, ಗುಣವಾಗಿಲ್ಲ.

ನನಗಾಗಿ ಯಾರು ಪ್ರಾರ್ಥಿಸಬೇಕು ಎಂದು ಯಾರಿಗೂ ತಿಳಿಯಲಿಲ್ಲ. ಆಗ ನಮ್ಮವರು ಎದ್ದರು. ತಿಂಗಳುಗಟ್ಟಲೆ ಪ್ರಾರ್ಥನೆಗೆ ಬಾಯಿ ತೆರೆಯದಿದ್ದವರು. ನಾನು ಮತ್ತೆ ಗುಣವಾಗಿಬಿಟ್ಟೆ ಎಂದುಬಿಡುತ್ತಾರೋ ಎಂದು ಹೆದರಿದೆ. ಅವರು ಗೋಡೆಯ ಕಡೆ ನೋಡುತ್ತಾ ಹೇಳಿದ್ದು ಇಷ್ಟು: “ಕರ್ತನೇ, ಇವಳಿಗೆ ಆರಾಮಿಲ್ಲ. ನಿನಗ ಮೊದಲ ಗೊತ್ತಿತ್ತು, ನನಗ ಈಗ ಗೊತ್ತಾತು. ನಾ ಅವಸರ ಮಾಡಿದೆ. ನೀ ಇಲ್ಲೇ ಇರು.” ಆಮೆನ್ ಎನ್ನುವುದನ್ನು ಮರೆತು ಕುಳಿತುಬಿಟ್ಟರು. ಒಬ್ಬೊಬ್ಬರಾಗಿ ನಾವೇ ಅಂದೆವು.

ಎಲ್ಲ ಚೆನ್ನಾಗಿ ಮುಗಿಯಿತು ಎಂದಲ್ಲ. ಆ ಹಿರಿಯರ ಮನೆಯವರು ಕೂಟ ಬಿಟ್ಟರು. ನಾವು ಉಳಿದವರ ನಂಬಿಕೆಯನ್ನೂ ಸಡಿಲ ಮಾಡುತ್ತಿದ್ದೇವೆ ಎಂದು ಅವರ ಅಭಿಪ್ರಾಯ, ಇವತ್ತಿಗೂ ಅದೇ. ಈಗ ಆರು ಮನೆ. ಅವರ ಗಂಜಿ ನೆನಪಾದರೆ ನನಗೆ ಬೇಸರವಾಗುತ್ತದೆ. ದೀನಾ ಮಾತ್ರ ಅವತ್ತು ಚಪ್ಪಲಿ ಹಾಕಿಕೊಂಡವಳು ಮತ್ತೆ ಒಳಗೆ ಬಂದು, “ಆಂಟಿ, ನನ್ನ ಹೆಸರೂ ಮತ್ತ ಬರೀರಿ. ಅವರು ಮನಿಗೆ ವಾಪಸ್ ಬಂದಾರ ಅಂತ ಸ್ತೋತ್ರ ಹೇಳಿದ್ನಲ್ಲಾ, ಹದಿನೈದ ದಿನಕ್ಕ ಮತ್ತ ಹೋದ್ರು” ಎಂದಳು. ಅವಳ ಗಂಡ ಸೂರತ್‌ನಲ್ಲಿ ಬೇರೆ ಮನೆ ಮಾಡಿದ್ದ. ಒಂದು ವರ್ಷದಿಂದ ಅವನು ಟೂರಿನಲ್ಲಿದ್ದಾನೆ ಎಂದು ನಾವು ನಂಬಿದ್ದೆವು.

ಇದೆಲ್ಲ ಆಗಿ ಮೂರು ವರ್ಷ. ನಾನು ಗುಣವಾಗಿಲ್ಲ, ಆಗುವ ಲಕ್ಷಣವೂ ಇಲ್ಲ. ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ಹೆಸರಿದೆ, ಅದು ಯಾವ ವೇಗದಲ್ಲಿ ಮುಂದೆ ಸರಿಯುತ್ತದೆ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಕೃಪಾ ತನ್ನದನ್ನು ಕೊಡುತ್ತೇನೆ ಎಂದು ಎರಡು ಸಲ ಜಗಳ ಮಾಡಿದಳು, ನಾನು ಬೇಡ ಎಂದೆ. ಅದು ಪ್ರೀತಿಯೋ, ಮತ್ತೊಂದು ಹೆದರಿಕೆಯೋ ಗೊತ್ತಿಲ್ಲ. ಹೋದ ತಿಂಗಳು ನನ್ನ ಎದುರಿನ ಕುರ್ಚಿಯ ಹೆಂಗಸು ಬರಲಿಲ್ಲ, ಅದರ ಮುಂದಿನ ವಾರ ಆ ಕುರ್ಚಿಯಲ್ಲಿ ಬೇರೆಯವರು ಕುಳಿತಿದ್ದರು. ಯಾರೂ ಏನೂ ಕೇಳಲಿಲ್ಲ. ಎಡಗೈಯಲ್ಲಿ ಆಮೇಲೆ ಮಾಡಿಸಿದ ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಗುಂಯ್ ಎನ್ನುವುದು ತಿಳಿಯುತ್ತದೆ. ಅದು ನಿಂತರೆ ಕೂಡಲೇ ಬರಬೇಕು ಎಂದಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ನಮ್ಮವರು ಮೊದಲು ಅಲ್ಲಿ ಬೆರಳಿಡುತ್ತಾರೆ, ಆಮೇಲೆ ತಂಬಿಗೆಗೆ ನೀರು ಅಳೆಯುತ್ತಾರೆ. ನಡುವೆ ಏನೋ ಗೊಣಗುತ್ತಾರೆ. ಪ್ರಾರ್ಥನೆ ಇರಬೇಕು, ನಾನು ಕೇಳಿಲ್ಲ.

ಗುರುವಾರ ಅವರಿಗೆ ವರ್ಕ್‌ಶಾಪಿನಲ್ಲಿ ಬ್ಯಾಚ್ ತಪಾಸಣೆ ಇರುತ್ತದೆ, ಬರಲಾಗುವುದಿಲ್ಲ. ಒಂದು ಗುರುವಾರ ನೋಡಿದರೆ ಸಮುವೇಲಣ್ಣ ಬಂದು ನಿಂತಿದ್ದರು. ನಾನು ಕರೆದಿರಲಿಲ್ಲ. ಅಂದಿನಿಂದ ಪ್ರತಿ ಗುರುವಾರ ಸಾಬರಮತಿಯಿಂದ ಎರಡು ಬಸ್ಸು ಹಿಡಿದು ಬರುತ್ತಾರೆ. ವಾಕ್ಯ ಹೇಳುವುದಿಲ್ಲ, ಧೈರ್ಯ ಹೇಳುವುದಿಲ್ಲ. ಕಾಲಿನ ಸ್ನಾಯು ಹಿಡಿದುಕೊಂಡರೆ ನರ್ಸನ್ನು ಕರೆಯುತ್ತಾರೆ, ಇಲ್ಲದಿದ್ದರೆ ಗುಜರಾತಿ ಪೇಪರಿನ ಚಿತ್ರ ನೋಡುತ್ತಾರೆ. ಕೂಟಕ್ಕೆ ಮಾತ್ರ ಬರುವುದಿಲ್ಲ.

ಇವತ್ತೂ ಬಂದಿದ್ದಾರೆ. “ಆರಾಮೇನವಾ?” ಎಂದರು.

“ಇಲ್ಲ ಅಣ್ಣಾರ. ತಲಿ ಸುತ್ತಾಕತ್ತೇದ.”

“ಹೂಂ” ಎಂದು ಸ್ಟೂಲು ಹತ್ತಿರ ಎಳೆದುಕೊಂಡರು. ಬರುವ ಭಾನುವಾರ ಕೂಟವಿದೆ, ಅದಕ್ಕೆ ಪುಸ್ತಕ ನನ್ನ ಮಡಿಲಲ್ಲಿತ್ತು. ಅದನ್ನು ನೋಡುತ್ತಾ ಕುಳಿತಿದ್ದವರು ಸ್ವಲ್ಪ ಹೊತ್ತಾದ ಮೇಲೆ, “ನಂದೊಂದು ಹೆಸರ ಬರಿ ತಂಗೀ” ಎಂದರು.

“ಏನಂತ ಬರೀಲಿ ಅಣ್ಣಾರ?”

“ಏನಿಲ್ಲ. ಹೆಸರಷ್ಟ ಬರಿ.”

ಒಂದೇ ಕೈಯಲ್ಲಿ ಬರೆಯಲು ಹೋದರೆ ಪುಸ್ತಕ ಜಾರಿತು. ಅವರು ಬಗ್ಗಿ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡರು. ಸಮುವೇಲಣ್ಣ ಎಂದು ಬರೆದೆ. ಪಕ್ಕದ ಎರಡು ಅಂಕಣಗಳನ್ನು ಹಾಗೇ ಬಿಟ್ಟೆ. ಮಸಿ ಆರುವವರೆಗೂ ಅವರು ಹಾಳೆಯನ್ನು ಹಿಡಿದೇ ಇದ್ದರು.